ನೆಲ ಬಿಡದ ಗಾಲಿ

ಹಿಂಗಾರು ಎರಡು ದಿನ ಬಿಡದೆ ಹೊಯ್ದು ಮೂರನೆಯ ದಿನ ಬಿಸಿಲು ಬಿದ್ದರೆ, ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಸುತ್ತಮುತ್ತ ಮೆಕ್ಕೆಜೋಳದ ತೆನೆ ಮುರಿದು ರಾಶಿ ಹಾಕಿದವರಿಗೆ ಒಂದೇ ಚಿಂತೆ: ಲೋಡಾದ ಟ್ರೈಲರ್ ಹೊಲದಿಂದ ಆಚೆ ಬರುತ್ತದೋ ಇಲ್ಲವೋ. ಕೆಂಪು ನೆಲವಾದರೆ ನೀರು ಬೇಗ ಇಂಗುತ್ತದೆ, ಒಂದು ದಿನ ಕಾದರೆ ಸಾಕು. ಎರೆ ನೆಲವಾದರೆ ಮಾತೇ ಬೇರೆ. ಮೇಲೆ ಒಣಗಿದಂತೆ ಕಂಡರೂ ಒಂದು ಗೇಣು ಕೆಳಗೆ ಬೆಣ್ಣೆಯಂತೆ ಜಾರುತ್ತಿರುತ್ತದೆ.

ಅಂಥ ಒಂದು ಹೊಲದ ಅಂಚು. ಬದು ದಾಟುವಾಗ ಟ್ರ್ಯಾಕ್ಟರಿನ ಹಿಂದಿನ ಎಡ ಗಾಲಿ ಹಸಿ ಗುಂಡಿಗೆ ಇಳಿಯಿತು ಅನ್ನಿ. ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ಗುಂಡಿಯೊಳಗಿನ ಗಾಲಿ ರಿವ್ವನೆ ತಿರುಗಿ ಕೆಸರನ್ನು ಹಿಂದಕ್ಕೆ ಎರಚುತ್ತದೆ. ಗಟ್ಟಿ ನೆಲದ ಮೇಲಿರುವ ಬಲ ಗಾಲಿ ಅಲುಗದೆ ನಿಂತಿರುತ್ತದೆ. ಇನ್ನಷ್ಟು ಒತ್ತಿದರೆ ಎಡ ಗಾಲಿ ಇನ್ನಷ್ಟು ಆಳಕ್ಕೆ. ಬದುವಿನ ಮೇಲಿದ್ದ ಹಿರಿಯರು ಕೈ ಎತ್ತಿ ಕೂಗುತ್ತಾರೆ: "ಸಾಕು ಬಿಡಪ್ಪ, ಲಾಕ್ ತುಳಿ, ಲಾಕ್!" ಚಾಲಕ ರೇಸ್ ಇಳಿಸಿ, ಸೀಟಿನ ಕೆಳಗೆ ಬಲಗಾಲಿನ ಹಿಮ್ಮಡಿಯ ಹತ್ತಿರವಿರುವ ಪುಟ್ಟ ಪೆಡಲನ್ನು ತುಳಿದು ಹಿಡಿಯುತ್ತಾನೆ. ಒಳಗೆಲ್ಲೋ ಕಟ್ ಎಂದು ಹಲ್ಲು ಕೂಡಿಕೊಂಡ ಸದ್ದು. ಮೆಲ್ಲಗೆ ಕ್ಲಚ್ ಬಿಟ್ಟರೆ ಈ ಸಲ ಎರಡು ಗಾಲಿಗಳೂ ಒಟ್ಟಿಗೆ ತಿರುಗುತ್ತವೆ, ಟ್ರ್ಯಾಕ್ಟರ್ ಒಂದು ಸಲ ನಡುಗಿ ಬದು ಹತ್ತುತ್ತದೆ.

ಎಂಜಿನ್ ಅದೇ, ಗೇರ್ ಅದೇ, ಟೈರೂ ಅದೇ. ಒಂದು ಗಳಿಗೆ ಹಿಂದೆ ಇಲ್ಲದ ಶಕ್ತಿ ಎಲ್ಲಿಂದ ಬಂತು? ಈ ಒಂದು ಪ್ರಶ್ನೆಯ ಉತ್ತರದಲ್ಲಿ ಕೊಡಚಾದ್ರಿ ಹತ್ತುವ ಜೀಪಿನಿಂದ ಹಿಡಿದು ಚಂದ್ರನ ಮೇಲೆ ಓಡಾಡಿದ ಪ್ರಜ್ಞಾನ್ ರೋವರ್‌ವರೆಗೆ, ರಸ್ತೆ ಬಿಟ್ಟು ಓಡುವ ಎಲ್ಲ ಗಾಡಿಗಳ ಗುಟ್ಟು ಇದೆ. ದಾರಿಯಿಲ್ಲದ ಕಡೆ ಗಾಡಿಯನ್ನು ಮುಂದೆ ಕೊಂಡೊಯ್ಯುವುದು ಎಂಜಿನ್ನಿನ ಕುದುರೆಶಕ್ತಿ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವವಾಗಿ ಅದನ್ನು ನಿರ್ಧರಿಸುವುದು ಪ್ರತಿ ಗಾಲಿಯೂ ನೆಲವನ್ನು ಎಷ್ಟು ಭಾರದಿಂದ ಒತ್ತುತ್ತಿದೆ ಎಂಬ ಲೆಕ್ಕ.

ಮೊದಲು ಆ ನಿಂತುಹೋದ ಬಲ ಗಾಲಿಯನ್ನು ನೋಡೋಣ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೊಂದು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಈ ತೊಡಕು ಬಿಡಿಸಲು 1827ರಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ ಉಗಿಗಾಡಿಗಾಗಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಗೆ ಪೇಟೆಂಟ್ ಪಡೆದ. ಇವತ್ತಿನ ಲಾರಿ, ಕಾರು, ಟ್ರ್ಯಾಕ್ಟರುಗಳಲ್ಲಿ ಹಿಂದೆ ಗುಂಡಗೆ ಉಬ್ಬಿಕೊಂಡಿರುವ ಹೌಸಿಂಗ್‌ನೊಳಗೆ ಇರುವುದು ಅದೇ. ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಬಿಡುತ್ತದೆ. ಆದರೆ ಅದಕ್ಕೊಂದು ಕಟ್ಟುನಿಟ್ಟಿನ ಸ್ವಭಾವವಿದೆ: ಎರಡು ಗಾಲಿಗಳಿಗೂ ತಿರುಗುಬಲವನ್ನು ಸಮಪಾಲಾಗಿಯೇ ಹಂಚುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರಿ, ಹತ್ತು ಕೆ.ಜಿ. ಬಲವನ್ನು ಮಾತ್ರ ತಾಳಬಲ್ಲುದಾದರೆ ಇನ್ನೊಂದಕ್ಕೂ ಹತ್ತು ಕೆ.ಜಿ. ಬಲವೇ ಸಿಗುತ್ತದೆ. ಗಟ್ಟಿ ನೆಲದ ಗಾಲಿಗೆ ಇನ್ನೂರು ಕೆ.ಜಿ. ಎಳೆಯುವ ಯೋಗ್ಯತೆ ಇದ್ದರೂ ಅದು ಸುಮ್ಮನೆ ನಿಂತಿರಬೇಕು.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1,600 ಕೆ.ಜಿ. ತೂಕದ ಜೀಪು, ಒಂದೊಂದು ಅಚ್ಚಿನ ಮೇಲೆ 800, ಒಂದೊಂದು ಗಾಲಿಯ ಮೇಲೆ 400 ಕೆ.ಜಿ. ಒಣ ಟಾರು ರಸ್ತೆಯಲ್ಲಿ ಟೈರಿಗೆ ತನ್ನ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ಹಿಡಿತ ಸಿಗುತ್ತದೆ. ಹಸಿ ಮಣ್ಣಿನಲ್ಲಿ ಅದು ನೂರಕ್ಕೆ 30ರಷ್ಟು ಎಂದಿಟ್ಟುಕೊಳ್ಳೋಣ. ಸಮನೆಲದಲ್ಲಿ ಪ್ರತಿ ಗಾಲಿಗೆ 120 ಕೆ.ಜಿ. ಎಳೆತ, ಒಂದು ಅಚ್ಚಿಗೆ 240. ಈಗ ನೆಲ ಏರುಪೇರಾಯಿತು. ಒಂದು ಗಾಲಿ ದಿಬ್ಬದ ಮೇಲೆ, ಅದೇ ಅಚ್ಚಿನ ಇನ್ನೊಂದು ತಗ್ಗಿನ ಮೇಲೆ ತೇಲಿದಂತಾಗಿ, ಅದರ ಮೇಲೆ ಬರೀ 50 ಕೆ.ಜಿ. ಭಾರ ಉಳಿದಿದೆ, ಉಳಿದ 750 ದಿಬ್ಬದ ಗಾಲಿಯ ಮೇಲೆ. ಹಗುರಾದ ಗಾಲಿ 15 ಕೆ.ಜಿ. ಬಲಕ್ಕೇ ಜಾರುತ್ತದೆ. ಡಿಫರೆನ್ಷಿಯಲ್ ಇನ್ನೊಂದಕ್ಕೂ 15 ಕೊಟ್ಟು ಕೈತೊಳೆದುಕೊಳ್ಳುತ್ತದೆ. 240 ಕೆ.ಜಿ. ಎಳೆಯುತ್ತಿದ್ದ ಅಚ್ಚು ಈಗ 30 ಕೆ.ಜಿ. ಎಳೆಯುತ್ತಿದೆ! ಇಡೀ ಜೀಪಿನ ಭಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಮಣ್ಣಿನ ಹಿಡಿತವೂ ಕೆಟ್ಟಿಲ್ಲ. ನಾಲ್ಕೂ ಗಾಲಿ ಸಮನಾಗಿ ಒತ್ತುವಾಗ 16 ಡಿಗ್ರಿ ಏರನ್ನು ಹತ್ತಬಲ್ಲ ಫೋರ್ ವೀಲ್ ಡ್ರೈವ್ ಗಾಡಿ, ಎರಡೂ ಅಚ್ಚುಗಳಲ್ಲಿ ಹೀಗಾದರೆ ಎರಡು ಡಿಗ್ರಿ ಏರಿಗೇ ಉಸಿರು ಬಿಡುತ್ತದೆ.

ಇದಕ್ಕೆ ಮದ್ದು ಎರಡು. ಒಂದು, ತಾಳ್ಯದ ಚಾಲಕ ತುಳಿದ ಪೆಡಲು. ಡಿಫರೆನ್ಷಿಯಲ್ ಲಾಕ್ ಎರಡು ಗಾಲಿಗಳನ್ನು ಒಂದಾಗಿ ಬಿಗಿಯುತ್ತದೆ, ಸಮಪಾಲಿನ ನಿಯಮ ಮುರಿಯುತ್ತದೆ. ಹಗುರ ಗಾಲಿಯಿಂದ 15, ಭಾರದ ಗಾಲಿಯಿಂದ 225, ಒಟ್ಟು 240. ಕಳೆದದ್ದೆಲ್ಲ ಮರಳಿ ಬಂತು. ಇನ್ನೊಂದು ಮದ್ದು, ಭಾರ ಒಂದೇ ಗಾಲಿಯ ಮೇಲೆ ಬೀಳದಂತೆ ಮೊದಲೇ ನೋಡಿಕೊಳ್ಳುವುದು. ತಗ್ಗಿನ ಮೇಲೆ ಬಂದ ಗಾಲಿ ತಾನಾಗಿ ಕೆಳಗಿಳಿದು ನೆಲವನ್ನು ಒತ್ತಬೇಕು, ದಿಬ್ಬದ ಗಾಲಿ ಮೇಲಕ್ಕೆ ಸರಿದು ಜಾಗ ಕೊಡಬೇಕು. ಹಾಗಾದರೆ ಎರಡು ಕಡೆಯೂ ಮತ್ತೆ 400–400ಕ್ಕೆ ಹತ್ತಿರವಾಗುತ್ತದೆ, ಲಾಕ್ ಇಲ್ಲದೆಯೇ 240 ಸಿಗುತ್ತದೆ. ಗಾಲಿ ಹೀಗೆ ಮೇಲೆ ಕೆಳಗೆ ಆಡುವ ಒಟ್ಟು ದೂರಕ್ಕೆ ಸಸ್ಪೆನ್ಷನ್ ಟ್ರಾವೆಲ್ ಎನ್ನುತ್ತಾರೆ.

ಸಸ್ಪೆನ್ಷನ್ ಎಂದರೆ ಕುಲುಕಾಟ ತಪ್ಪಿಸಿ ಸೊಂಟ ಕಾಯುವ ಏರ್ಪಾಡು ಎಂದಷ್ಟೇ ನಾವು ತಿಳಿದಿರುತ್ತೇವೆ. ಮಣ್ಣುದಾರಿಯಲ್ಲಿ ಅದರ ದೊಡ್ಡ ಕೆಲಸ ಬೇರೆಯೇ.

ಅಡುಗೆಮನೆಯ ಒಂದು ಮಾತು ಇಲ್ಲಿ ನೆನಪಾಗಬೇಕು. ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಎಂದೂ ಅಲ್ಲಾಡುವುದಿಲ್ಲ. ಕಲ್ಲುಗಳ ಎತ್ತರ ಒಂದಿಷ್ಟು ಹೆಚ್ಚುಕಡಿಮೆ ಇದ್ದರೆ ಗಡಿಗೆ ವಾರೆಯಾದೀತು, ಆದರೆ ಮೂರೂ ಕಲ್ಲಿಗೆ ಭಾರ ಬಿದ್ದೇ ಬೀಳುತ್ತದೆ. ನಾಲ್ಕು ಕಾಲಿನ ಮಂಚ ಹಾಗಲ್ಲ. ನೆಲ ಕೊಂಚ ಏರುಪೇರಾದರೂ ಒಂದು ಕಾಲು ಎದ್ದು ನಿಂತು ಮಂಚ ಟಕಟಕ ಎನ್ನುತ್ತದೆ. ಅಡಿಗೊಂದು ಚೂರು ಸಿಗಿಸಬೇಕು. ನಾಲ್ಕು ಗಾಲಿಯ ಗಾಡಿ ಮಂಚವಿದ್ದಂತೆ. ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ: ಒಂದೇ ಅಚ್ಚು, ಎರಡೇ ಗಾಲಿ, ಮುಂದಿನ ಆಸರೆ ಎತ್ತುಗಳ ಹೆಗಲಿನದು. ಎಂಥ ಹಳ್ಳಕೊಳ್ಳದಲ್ಲೂ ಅದರ ಎರಡು ಗಾಲಿಗಳು ನೆಲ ಬಿಡುವುದಿಲ್ಲ.

ಟ್ರ್ಯಾಕ್ಟರಿನ ಜಾಣ್ಮೆ ಇರುವುದು ಇಲ್ಲೇ. ಯಾವುದೇ ಹಳ್ಳಿಯ ಬೀದಿಯಲ್ಲಿ ನಿಂತಿರುವ ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ರೇಡಿಯೇಟರಿನ ಕೆಳಗೆ ಇಣುಕಿದರೆ ಅಡ್ಡವಾಗಿ ಒಂದು ಗಟ್ಟಿ ಆಕ್ಸಲ್ ಕಾಣುತ್ತದೆ. ಅದರ ನಟ್ಟನಡುವೆ ಹೆಬ್ಬೆರಳಿಗಿಂತ ದಪ್ಪದ ಒಂದು ಪಿನ್ನು, ಸುತ್ತ ಗ್ರೀಸಿನ ಕಪ್ಪು ಬಳಿದುಕೊಂಡಿರುತ್ತದೆ. ಆ ಆಕ್ಸಲ್ ಇಡೀ ಟ್ರ್ಯಾಕ್ಟರಿಗೆ ತಗುಲಿಕೊಂಡಿರುವುದು ಆ ಪಿನ್ನಿನ ಮೇಲೆ. ತಕ್ಕಡಿಯ ದಂಡಿಗೆಯ ಹಾಗೆ ಅದು ಎಡಕ್ಕೂ ಬಲಕ್ಕೂ ವಾಲುತ್ತದೆ. ಟ್ರ್ಯಾಕ್ಟರಿಗೆ ಕಮಾನಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಚಾಲಕನ ಸೀಟಿನ ಕೆಳಗೆ ಮಾತ್ರ ಒಂದು ಸ್ಪ್ರಿಂಗ್. ಆದರೂ ಮುಂದಿನ ಒಂದು ಗಾಲಿ ಬದು ಹತ್ತಿದಾಗ ಇನ್ನೊಂದು ಅಷ್ಟೇ ಕೆಳಗಿಳಿಯುತ್ತದೆ, ಹಿಂದಿನ ಎರಡು ದೊಡ್ಡ ಗಾಲಿಗಳು ಕದಲದೆ ನೆಲ ಕಚ್ಚಿರುತ್ತವೆ. ಹಿಂದೆ ಎರಡು, ಮುಂದೆ ಒಂದು ಪಿನ್ನು: ಮೂರು ಕಲ್ಲಿನ ಒಲೆ ಚಕ್ರ ಕಟ್ಟಿಕೊಂಡು ಹೊರಟಂತೆ. ಈ ಪಿನ್ನಿಗೆ ಹೊತ್ತುಹೊತ್ತಿಗೆ ಗ್ರೀಸ್ ಹೊಡೆಯದೆ ಸವೆಸುವವರು ಬಹಳ. ಸವೆದ ಪಿನ್ನಿನ ಆಕ್ಸಲ್ ಅಲ್ಲಾಡಿ ಸ್ಟೇರಿಂಗ್ ಹಿಡಿತವನ್ನೇ ಕೆಡಿಸುತ್ತದೆ.

ಜೀಪಿನವರು ಇದೇ ಕೆಲಸವನ್ನು ಕಮಾನುಗಳಿಂದ ಮಾಡಿಸಿದರು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ವಿಲ್ಲಿಸ್ ಜೀಪಿಗೆ ಹಿಂದೆ ಮುಂದೆ ಎರಡು ಕಡೆಯೂ ಇಡಿಯಾದ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಪ್ಲೇಟುಗಳ ಕಮಾನು. ಅದೇ ನಮೂನೆಯನ್ನು ಮಹೀಂದ್ರ ನಮ್ಮ ದೇಶಕ್ಕೆ ತಂದು ದಶಕಗಳ ಕಾಲ ಓಡಿಸಿತು. ಮಾರುತಿ 1985ರಲ್ಲಿ ತಂದ ಜಿಪ್ಸಿಯದೂ ಇದೇ ಕಟ್ಟು. ಗಟ್ಟಿ ಆಕ್ಸಲ್‌ನ ಗುಣ ತಕ್ಕಡಿಯದು: ಒಂದು ಗಾಲಿ ಮೇಲೆ ಹೋದರೆ ಇನ್ನೊಂದನ್ನು ಕೆಳಗೆ ಒತ್ತುತ್ತದೆ. ಕಾರುಗಳಲ್ಲಿರುವ ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಪ್ರತಿ ಗಾಲಿ ತನ್ನ ಪಾಡಿಗೆ ತಾನು ಆಡುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ಹಾಯಾಗಿರುತ್ತದೆ. ಬಂಡೆ ಹತ್ತುವಾಗ ಪಕ್ಕದ ಗಾಲಿಗೆ ಅದರಿಂದ ಯಾವ ನೆರವೂ ಇಲ್ಲ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1,343 ಮೀಟರ್ ಎತ್ತರದ ಬೆಟ್ಟ. ಕೊಲ್ಲೂರು, ಕಟ್ಟಿನಹೊಳೆ ಕಡೆಯಿಂದ ಯಾತ್ರಿಕರನ್ನು ಹೇರಿಕೊಂಡು ಹತ್ತುವ ಜೀಪುಗಳನ್ನು ನೋಡಿದವರಿಗೆ ಕಮಾನಿನ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ. ಮಳೆನೀರು ಕೊರೆದ ಕೊರಕಲು, ನಡುವೆ ಎದ್ದ ಕಲ್ಲು, ಎರಡು ಕಡೆಯೂ ಬೇರೆ ಬೇರೆ ಎತ್ತರದ ಜಾಡು. ಒಳಗೆ ಕೂತವರ ತಲೆ ಕಂಬಿಗೆ ಬಡಿಯುತ್ತಿರುವಾಗ ಕೆಳಗೆ ಮುಂದಿನ ಆಕ್ಸಲ್ ಎಡಕ್ಕೆ ವಾಲಿದ್ದರೆ ಹಿಂದಿನದು ಬಲಕ್ಕೆ ವಾಲಿರುತ್ತದೆ. ನುರಿತ ಚಾಲಕ ವೇಗವನ್ನೇ ನೆಚ್ಚುವುದಿಲ್ಲ. ಲೋ ಗೇರಿನಲ್ಲಿ ಒಂದೊಂದು ಗಾಲಿಗೂ ಕಲ್ಲು ಆರಿಸಿ ಕೊಡುತ್ತಾನೆ. ಗಾಲಿ ನೆಲ ಬಿಡುವ ಜಾಗ ಯಾವುದು ಎಂದು ಆತನಿಗೆ ತಿರುವು ತಿರುವಿಗೂ ಗೊತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಾಡಿ ಮಾರ್ಪಡಿಸಿಕೊಳ್ಳುವ ಉತ್ಸಾಹಿಗಳು ಅದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಾಲಿ ನೆಲವನ್ನು ಮುಟ್ಟುವುದು ಬೇರೆ, ಒತ್ತುವುದು ಬೇರೆ. 400 ಕೆ.ಜಿ. ಹೊತ್ತ ಒಂದು ಸ್ಪ್ರಿಂಗ್, ಸೆಂಟಿಮೀಟರಿಗೆ 40 ಕೆ.ಜಿ.ಯ ಬಿರುಸಿನದು ಎಂದುಕೊಳ್ಳಿ. ಗಾಲಿ 5 ಸೆಂ.ಮೀ. ಕೆಳಗಿಳಿದರೆ ಒತ್ತಡ 200ಕ್ಕೆ ಇಳಿಯುತ್ತದೆ, 10 ಸೆಂ.ಮೀ. ಇಳಿದರೆ ಸೊನ್ನೆ. ಆಮೇಲೆ ಗಾಲಿ ಜೋತುಬಿದ್ದು ನೆಲ ಸವರಬಹುದು, ಎಳೆಯಲಾರದು. ಸ್ಪ್ರಿಂಗ್ ಅರ್ಧದಷ್ಟು ಮೆದುವಾಗಿದ್ದರೆ ಅದೇ 10 ಸೆಂ.ಮೀ. ತಗ್ಗಿನಲ್ಲೂ 200 ಕೆ.ಜಿ. ಒತ್ತಡ ಉಳಿದಿರುತ್ತದೆ. ಉದ್ದನೆಯ ಟ್ರಾವೆಲ್‌ಗೆ ಮೆದು ಸ್ಪ್ರಿಂಗ್ ಜೊತೆಗಿದ್ದರೇ ಬೆಲೆ.

ನಮ್ಮ ಊರುಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಹೆಚ್ಚು ಜನ, ಹೆಚ್ಚು ಮೂಟೆ ಹೇರಬೇಕೆಂದು ಕಮಾನಿಗೆ ಒಂದೆರಡು ಪ್ಲೇಟು ಕೂಡಿಸುತ್ತಾರೆ. ಲೋಡಿದ್ದಾಗ ಗಾಡಿ ನೆಟ್ಟಗೆ ನಿಲ್ಲುತ್ತದೆ, ನಿಜ. ಖಾಲಿ ಇದ್ದಾಗ ಅದೇ ಗಾಡಿ ಮಂಚದ ಹಾಗೆ ಒಂದು ಕಾಲೆತ್ತಿ ನಿಂತು, ಹಸಿ ಏರಿನಲ್ಲಿ ಗಾಲಿ ತಿರುಗಿಸುತ್ತ ಒದ್ದಾಡುತ್ತದೆ. ದೂಷಣೆ ಮಾತ್ರ ಎಂಜಿನ್ನಿಗೋ ಟೈರಿಗೋ ಹೋಗುತ್ತದೆ.

ಗಾಡಿಯ ಗಾಲಿಗಳು ಎಷ್ಟು ಆಡುತ್ತವೆ ಎಂದು ಅಳೆಯಲು ಒಂದು ಸರಳ ಪರೀಕ್ಷೆ ಇದೆ. 20 ಡಿಗ್ರಿ ಇಳಿಜಾರಿನ ಒಂದು ರ‍್ಯಾಂಪ್ ಮೇಲೆ ಮುಂದಿನ ಒಂದು ಗಾಲಿಯನ್ನು ಮಾತ್ರ ಹತ್ತಿಸುತ್ತ ಹೋಗಬೇಕು. ಉಳಿದ ಮೂರರಲ್ಲಿ ಒಂದು ನೆಲ ಬಿಟ್ಟ ಗಳಿಗೆಗೆ ನಿಲ್ಲಿಸಿ, ಗಾಲಿ ರ‍್ಯಾಂಪಿನ ಮೇಲೆ ಎಷ್ಟು ದೂರ ಹೋಯಿತೆಂದು ಅಳೆದು, ಅದನ್ನು ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರದಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ. ಆ ಅಂಕಿ ದೊಡ್ಡದಾದಷ್ಟೂ ಗಾಡಿ ನೆಲಕ್ಕೆ ಹೊಂದಿಕೊಳ್ಳುತ್ತದೆ ಎಂದರ್ಥ.

ಈಗಿನ ಕಂಪನಿಗಳು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. 2020ರ ಥಾರ್‌ನಲ್ಲಿ ಮುಂದೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್. ಕೆಲವು ಮಾದರಿಗಳಲ್ಲಿ ಹಿಂದಿನ ಗಾಲಿ ಜಾರಿದೊಡನೆ ತಾನೇ ಕೂಡಿಕೊಳ್ಳುವ ಲಾಕ್. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಚಾಲಕನೇ ಹಾಕಬೇಕಾದ ಲಾಕ್. 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಯಲ್ಲಿ ಲಾಕ್ ಇಲ್ಲ. ಎರಡು ಕಡೆಯೂ ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್ ಇಟ್ಟು, ಸುಮ್ಮನೆ ತಿರುಗುವ ಗಾಲಿಗೆ ಕಂಪ್ಯೂಟರಿನಿಂದ ಬ್ರೇಕ್ ಹಾಕಿಸುತ್ತಾರೆ. ಈ ಬ್ರೇಕಿನ ತಂತ್ರ ನೋಡಲು ವಿಚಿತ್ರವೆನಿಸಿದರೂ ಹಿಂದಿನ ಲೆಕ್ಕ ನೆನೆದರೆ ಅರ್ಥವಾಗುತ್ತದೆ. ತೇಲುವ ಗಾಲಿಗೆ ನೆಲ ಕೊಡದ ತಡೆಯನ್ನು ಬ್ರೇಕ್ ಕೊಡುತ್ತದೆ. ಅಷ್ಟೇ ಬಲ ಆಗ ಪಕ್ಕದ ಗಾಲಿಗೂ ದಕ್ಕುತ್ತದೆ.

ಹಳ್ಳ ದಾಟುವಾಗ ನೇರ ಇಳಿಯಬೇಕೋ ಓರೆಯಾಗಿ ಇಳಿಯಬೇಕೋ ಎಂಬ ವಾದವೂ ಇಲ್ಲಿಗೇ ಬಂದು ನಿಲ್ಲುತ್ತದೆ. ನೇರ ಇಳಿದರೆ ಎರಡು ಗಾಲಿಗಳೂ ಒಟ್ಟಿಗೆ ಇಳಿಯುತ್ತವೆ, ಭಾರ ಸಮನಾಗಿರುತ್ತದೆ, ಆದರೆ ಬಂಪರ್ ಅಥವಾ ಹೊಟ್ಟೆ ನೆಲಕ್ಕೆ ತಗಲಬಹುದು. ಓರೆಯಾಗಿ ಇಳಿದರೆ ಹೊಟ್ಟೆ ಉಳಿಯುತ್ತದೆ, ಮೂಲೆ ಮೂಲೆಯ ಎರಡು ಗಾಲಿಗಳು ಗಾಳಿಯಲ್ಲಿ ನಿಲ್ಲುವ ಅಪಾಯ ಎದುರಾಗುತ್ತದೆ. ಟ್ರಾವೆಲ್ ಹೆಚ್ಚಿರುವ ಗಾಡಿ ಓರೆಯನ್ನು ತಾಳಿಕೊಳ್ಳುತ್ತದೆ.

ಇಷ್ಟಾದರೂ ಕೊನೆಯ ಮಾತು ಮಣ್ಣಿನದು. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಸಿಯಿದ್ದಾಗ ಟೈರಿನ ಕಚ್ಚುಗಳಲ್ಲಿ ತುಂಬಿಕೊಂಡು ಟೈರನ್ನೇ ನುಣುಪಾದ ಉರುಳೆಯನ್ನಾಗಿ ಮಾಡುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಓರೆಯಾದ, ಅಗಲ ಬಿಟ್ಟ ಎತ್ತರದ ಹಲ್ಲುಗಳಿರುವುದು ಮಣ್ಣು ತಾನಾಗಿ ಉದುರಲಿ ಎಂದೇ. ಹಿಂದಿನ ಟೈರುಗಳಿಗೆ ನೀರು ತುಂಬಿಸುವ ರೂಢಿಯೂ ಒತ್ತುವ ಭಾರಕ್ಕಾಗಿಯೇ: ಸಾಮಾನ್ಯ 13.6–28 ಅಳತೆಯ ಟೈರಿಗೆ ಮುಕ್ಕಾಲು ಭಾಗ ತುಂಬಿದರೆ ಸುಮಾರು ಇನ್ನೂರು ಲೀಟರ್, ಅಂದರೆ ಗಾಲಿಗೆ ಇನ್ನೂರು ಕೆ.ಜಿ. ಹೆಚ್ಚು. ಜೀಪಿನವರು ಮಾಡುವುದು ಗಾಳಿ ಇಳಿಸುವ ಉಪಾಯ. 400 ಕೆ.ಜಿ. ಹೊತ್ತ ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಅಂದಾಜು 190 ಚದರ ಸೆಂ.ಮೀ.; 15ಕ್ಕೆ ಇಳಿಸಿದರೆ ಅದರ ಎರಡರಷ್ಟು. ಮೆತ್ತನೆಯ ನೆಲದಲ್ಲಿ ಗಾಲಿ ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಟಾರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರು ಕಾದು ಸಿಡಿಯಬಹುದು.

ಹೂತ ಟ್ರ್ಯಾಕ್ಟರನ್ನು ಎತ್ತುವ ಒಂದು ರೂಢಿಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ, ಗೇರ್ ಹಾಕಿ ರೇಸ್ ಮಾಡುವುದು ಹಲವು ಕಡೆ ನಡೆಯುತ್ತದೆ. ದಿಮ್ಮಿ ಸಿಕ್ಕಿಕೊಂಡು ಗಾಲಿ ತಿರುಗಲಾರದೆ ಹೋದರೆ ಎಂಜಿನ್ನಿನ ಬಲಕ್ಕೆ ಉಳಿಯುವುದು ಒಂದೇ ದಾರಿ: ಆಕ್ಸಲ್ ಸುತ್ತ ಟ್ರ್ಯಾಕ್ಟರೇ ತಿರುಗುವುದು. ಮುಂದಿನ ಗಾಲಿಗಳು ಮೇಲೆದ್ದು, ಒಂದೆರಡು ಸೆಕೆಂಡಿನಲ್ಲಿ ಇಡೀ ಯಂತ್ರ ಚಾಲಕನ ಮೇಲೆ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ತುಳಿಯಲೂ ಹೊತ್ತು ಸಿಗುವುದಿಲ್ಲ. ಟ್ರೈಲರ್ ಕಳಚಿ, ಗಾಲಿಯ ಹಿಂದೆ ಕೆಸರು ಕೆತ್ತಿ, ಸೊಪ್ಪೆ, ಕಲ್ಲು ಹಾಸಿ, ಸಾಧ್ಯವಾದರೆ ಹಿಂದಕ್ಕೇ ತೆಗೆಯಬೇಕು. ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಹಾಗೆಯೇ ಡಿಫರೆನ್ಷಿಯಲ್ ಲಾಕ್ ತುಳಿದುಕೊಂಡು ತಿರುವು ತೆಗೆದುಕೊಳ್ಳಬಾರದು. ಎರಡು ಗಾಲಿ ಒಂದೇ ವೇಗದಲ್ಲಿರುವ ಗಾಡಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ.

ತಾಳ್ಯವಿರುವ ಚಿತ್ರದುರ್ಗ ಜಿಲ್ಲೆಯದೇ ಇನ್ನೊಂದು ಮಗ್ಗುಲಿಗೆ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ನೆಲ ಅಗೆದು ಚಂದ್ರನ ಮೇಲಿರುವಂಥ ಕುಳಿಗಳನ್ನು ಮಾಡಿಸಿತ್ತು. ಚಂದ್ರಯಾನದ ಲ್ಯಾಂಡರಿನ ಸೆನ್ಸರುಗಳು ಕುಳಿ ಗುರುತಿಸುತ್ತವೆಯೇ ಎಂದು ಅವುಗಳ ಮೇಲೆ ವಿಮಾನ ಹಾರಿಸಿ ನೋಡಿದರು. ಲ್ಯಾಂಡರಿನ ಹೊಟ್ಟೆಯಲ್ಲಿ ಕೂತು ಹೋಗಲಿದ್ದ ಪ್ರಜ್ಞಾನ್ ರೋವರಿನ ಗಾಲಿಗಳ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ತಮಿಳುನಾಡಿನ ಸಿತ್ತಂಪೂಂಡಿ ಕಡೆಯಿಂದ ತಂದ ಅನಾರ್ಥೊಸೈಟ್ ಕಲ್ಲನ್ನು ಪುಡಿ ಮಾಡಿ ಚಂದ್ರನ ಮೇಲಿರುವಂಥ ಮಣ್ಣನ್ನು ಸಿದ್ಧಪಡಿಸಿದ್ದರು.

ಪ್ರಜ್ಞಾನ್‌ಗೂ ತಾಳ್ಯದ ಟ್ರ್ಯಾಕ್ಟರಿಗೂ ಒಂದು ನಂಟಿದೆ. ಅದಕ್ಕೂ ಸ್ಪ್ರಿಂಗಿಲ್ಲ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ 1980ರ ದಶಕದ ಕೊನೆಯಲ್ಲಿ ಡಾನ್ ಬಿಕ್ಲರ್ ರೂಪಿಸಿದ ರಾಕರ್-ಬೋಗಿ ಎಂಬ ಕಟ್ಟು ಅದರದು. 1997ರಲ್ಲಿ ಮಂಗಳನ ಮೇಲೆ ಇಳಿದ ಸೋಜರ್ನರ್‌ನಿಂದ ಹಿಡಿದು ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್‌ವರೆಗೆ ನಾಸಾದ ರೋವರುಗಳೂ ಇದನ್ನೇ ಬಳಸಿದವು. ಒಂದೊಂದು ಮಗ್ಗುಲಿಗೆ ಮೂರು ಗಾಲಿ. ಎರಡು ಗಾಲಿಗಳನ್ನು ಒಂದು ಚಿಕ್ಕ ದಂಡಿಗೆ ಹಿಡಿದಿರುತ್ತದೆ, ಆ ದಂಡಿಗೆಯನ್ನೂ ಮೂರನೆಯ ಗಾಲಿಯನ್ನೂ ಇನ್ನೊಂದು ದೊಡ್ಡ ದಂಡಿಗೆ ಹಿಡಿದಿರುತ್ತದೆ; ಎಲ್ಲವೂ ಪಿನ್ನಿನ ಮೇಲೆ ವಾಲುವಂಥವು. ಒಂದು ಗಾಲಿ ಕಲ್ಲು ಹತ್ತಿದರೆ ಭಾರ ಉಳಿದವುಗಳಿಗೆ ತಾನಾಗಿ ಹಂಚಿಹೋಗಿ ಆರೂ ಗಾಲಿಗಳು ನೆಲ ಒತ್ತುತ್ತಲೇ ಇರುತ್ತವೆ. ಟ್ರ್ಯಾಕ್ಟರಿನ ಮುಂದಿನ ಒಂದೇ ಪಿನ್ನಿನ ಕೆಲಸವನ್ನು ಇಲ್ಲಿ ಹಲವು ಪಿನ್ನುಗಳು ಹಂಚಿಕೊಂಡಿವೆ.

ಒತ್ತುವ ಭಾರ ಅಲ್ಲಿ ಎಷ್ಟು ಗೊತ್ತೇ? ಪ್ರಜ್ಞಾನ್ 26 ಕೆ.ಜಿ.ಯದು. ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಪಾಲು, ಹಾಗಾಗಿ ಅಲ್ಲಿ ಅದರ ತೂಕ ನಾಲ್ಕೂಕಾಲು ಕೆ.ಜಿ.ಯಷ್ಟು. ಆರು ಗಾಲಿಗೆ ಹಂಚಿದರೆ ಒಂದೊಂದರ ಮೇಲೆ ಸುಮಾರು 700 ಗ್ರಾಂ. ಅಷ್ಟೇ ಭಾರದಿಂದ ಹಿಟ್ಟಿನಂಥ ಧೂಳನ್ನು ಒತ್ತುತ್ತ, ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಅದು ನಡೆಯಿತು. 2023ರ ಆಗಸ್ಟ್ 23ರಂದು ಲ್ಯಾಂಡರ್ ಇಳಿದ ಮೇಲೆ, 27ರಂದು ಪ್ರಜ್ಞಾನ್‌ಗೆ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಬೆಂಗಳೂರಿನಲ್ಲಿ ಕೂತಿದ್ದವರು ಅದನ್ನು ಕುಳಿಗೆ ಇಳಿಸಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಸಿ, ಪಕ್ಕದ ಸಮನೆಲಕ್ಕೆ ತಿರುಗಿಸಿದರು. ಸೆಪ್ಟೆಂಬರ್ 2ರ ಹೊತ್ತಿಗೆ ಅದು ನೂರು ಮೀಟರ್ ದಾಟಿತ್ತು.